ಅಂಗಿಗೆ ಕೋಟಿ ಬೆಲೆ, ಚರಿತ್ರೆಗೆ ಕಾವಲಿಲ್ಲ

ಕೃಷ್ಣರಾಜಪೇಟೆ: ಮೇ 4, 1799ರಂದು ನಮ್ಮ ನೆರೆಯ ಶ್ರೀರಂಗಪಟ್ಟಣ ಪತನವಾಯಿತು. ಅಂದು ಟಿಪ್ಪು ಸುಲ್ತಾನನ ಅರಮನೆಯಿಂದ ಹೊರಹೋದ ಖಡ್ಗವೊಂದು 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಬೊನಾಮ್ಸ್ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಅದಕ್ಕೆ ಒಂದು ವರ್ಷ ಮೊದಲು, ಮೇ 4, 2022ರಂದು, ಅದೇ ನಗರದ ಸದಬೀಸ್ ಸಂಸ್ಥೆಯಲ್ಲಿ ಡಿಯಾಗೋ ಮರಡೋನಾ ತೊಟ್ಟಿದ್ದ ನೀಲಿ ಅಂಗಿ 71 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆ ಪಡೆದಿತ್ತು.

ಖಡ್ಗಕ್ಕಾದರೂ ಚಿನ್ನದ ಕುಸುರಿಯಿದೆ. ಬೆವರಿನಲ್ಲಿ ತೊಯ್ದ ಬಟ್ಟೆಗೆ ಇಷ್ಟು ಬೆಲೆ ಬಂದುದಾದರೂ ಏಕೆ?

ಉತ್ತರ ಬಟ್ಟೆಯಲ್ಲಿಲ್ಲ, ಅದರ ಪೂರ್ವಾಪರದಲ್ಲಿದೆ. 1986ರ ಜೂನ್ 22ರಂದು ಮೆಕ್ಸಿಕೊದಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ವಿಶ್ವಕಪ್ ಪಂದ್ಯದಲ್ಲಿ ಮರಡೋನಾ ಕೈಯಿಂದ ಒಂದು, ಕಾಲಿನಿಂದ ಒಂದು ಗೋಲು ಹೊಡೆದರು. ಪಂದ್ಯ ಮುಗಿದಾಗ ಎದುರಾಳಿ ತಂಡದ ಸ್ಟೀವ್ ಹಾಡ್ಜ್ ಅಂಗಿ ಬದಲಿಸಿಕೊಂಡರು. ಆದರೆ ಅದು ಮೊದಲಾರ್ಧದ ಅಂಗಿಯೆಂದು, ಗೋಲು ಬಂದ ದ್ವಿತೀಯಾರ್ಧದ್ದಲ್ಲವೆಂದು ಮರಡೋನಾ ಕುಟುಂಬ ತಕರಾರು ತೆಗೆಯಿತು. ಲಾಂಛನ, ಪಟ್ಟಿ, ಅಂಕಿಗಳ ಸೂಕ್ಷ್ಮ ಗುರುತುಗಳನ್ನು ಅಂದಿನ ಛಾಯಾಚಿತ್ರಗಳೊಂದಿಗೆ ಹೋಲಿಸಿ ನೋಡಿದ ಬಳಿಕವೇ ಹರಾಜು ನಡೆಯಿತು. ಒಂದೇ ಆಟಗಾರ, ಒಂದೇ ದಿನ. ಆದರೂ ಯಾವ ನಲವತ್ತೈದು ನಿಮಿಷದ ಅಂಗಿ ಎಂಬುದರ ಮೇಲೆ ಬೆಲೆಯೆಲ್ಲ ನಿಂತಿತ್ತು. ಅದೇ ಪಂದ್ಯದ ಚೆಂಡು ರೆಫರಿ ಅಲಿ ಬಿನ್ ನಾಸರ್ ಅವರ ಬಳಿಯೇ ಉಳಿದಿತ್ತು. ಅದು 2022ರ ನವೆಂಬರ್‌ನಲ್ಲಿ 20 ಲಕ್ಷ ಪೌಂಡಿಗೆ ಹೋಯಿತು.

ಹೀಗೆ ಸ್ಮರಣಿಕೆಯ ಮೌಲ್ಯ ನಿರ್ಧಾರವಾಗುವುದು ಮುಖ್ಯವಾಗಿ ನಾಲ್ಕು ಸಂಗತಿಗಳಿಂದ: ಯಾರದು, ಯಾವ ಪಂದ್ಯದ್ದು, ಅಂಥದು ಎಷ್ಟಿವೆ, ಕೈಯಿಂದ ಕೈಗೆ ಹೇಗೆ ಬಂತು. ಕೊನೆಯದಕ್ಕೆ ಪುರಾವೆ ಇಲ್ಲದಿದ್ದರೆ ಉಳಿದ ಮೂರಕ್ಕೂ ಅರ್ಥವಿಲ್ಲ. ನಕಲಿ ಹಸ್ತಾಕ್ಷರಗಳ ವ್ಯಾಪಾರ ನಡೆಯುವುದೂ ಈ ಬಿರುಕಿನಲ್ಲಿಯೇ.

ಈ ಅಳತೆಗೋಲಿನಿಂದ ನೋಡಿದರೆ ಕನ್ನಡ ನಾಡು ಬಡವಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ, ಬಹುಪಾಲು ಬರಿಗಾಲಲ್ಲಿ ಆಡಿದ ಭಾರತ ತಂಡದ ಏಕೈಕ ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಒಲಿಂಪಿಕ್ ಫುಟ್‌ಬಾಲಿನಲ್ಲಿ ಅದು ಭಾರತದ ಮೊದಲ ಗೋಲು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಕರ್ನಾಟಕ ಅದನ್ನು ಮತ್ತೆ ಎತ್ತಿ ಹಿಡಿದದ್ದು 54 ವರ್ಷಗಳ ತರುವಾಯ, 2023ರ ಮಾರ್ಚ್ 4ರಂದು, ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.

ಆ ಕಾಲದ ಅಂಗಿ, ಪದಕ, ಪಾಸ್‌ಪೋರ್ಟ್, ತಂಡದ ಚಿತ್ರಗಳನ್ನು ಕಾಯುವವರು ಯಾರು? ಇಲ್ಲಿಯೇ ಕಾನೂನಿನ ಮಿತಿ ಎದುರಾಗುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆ ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುಗಳಿಗೆ ಅನ್ವಯಿಸುತ್ತದೆ. ಪಟ್ಟಣಕ್ಕೆ ಅಂಟಿಕೊಂಡಿರುವ ಹೊಸಹೊಳಲಿನ ಹೊಯ್ಸಳ ಶಿಲ್ಪವನ್ನು ಹೊರದೇಶಕ್ಕೆ ಸಾಗಿಸುವುದು ಅಪರಾಧ. 1948ರ ಅಂಗಿಗೆ ನೂರು ತುಂಬಲು 2048 ಬರಬೇಕು. ಅಲ್ಲಿಯವರೆಗೆ ಅದನ್ನು ಗುಜರಿಗೆ ಹಾಕಿದರೂ ಸರಿ, ಹರಾಜಿಗೆ ಒಯ್ದರೂ ಸರಿ, ಈ ಕಾಯ್ದೆ ಅಡ್ಡ ಬರುವುದಿಲ್ಲ.

ಮಾರುವುದು ತಪ್ಪಲ್ಲ. ಕಷ್ಟದಲ್ಲಿರುವ ಆಟಗಾರನ ಕುಟುಂಬಕ್ಕೆ ಪದಕವೇ ಕೊನೆಯ ಆಸ್ತಿಯಾಗಿರಬಹುದು. ಆದರೆ ತಿಳಿಯದೆ ಕಳೆದುಕೊಳ್ಳುವುದು ಬೇರೆ. ಆಡಿದವರು ಬದುಕಿರುವಾಗಲೇ ಪ್ರತಿ ವಸ್ತುವಿನ ಚಿತ್ರ ತೆಗೆದು, ಪಂದ್ಯ, ದಿನಾಂಕ, ಎದುರಾಳಿ ತಂಡದ ವಿವರವನ್ನು ಅವರ ಸಹಿಯೊಂದಿಗೆ ಬರೆದಿಡಲು ಹೆಚ್ಚು ಹಣ ಬೇಕಿಲ್ಲ. ಜಿಲ್ಲಾ ಕ್ರೀಡಾ ಸಂಸ್ಥೆಗಳು, ಕಾಲೇಜುಗಳು ಮನಸ್ಸು ಮಾಡಿದರೆ ಸಾಕು.

ಟಿಪ್ಪುವಿನ ಖಡ್ಗ ಯಾರ ಕೈ ಸೇರಿತೆಂಬುದಕ್ಕೆ ಗೆದ್ದವರು ದಾಖಲೆ ಇಟ್ಟರು.  ನಮ್ಮ ಆಟಗಾರರ ಪೆಟ್ಟಿಗೆಗಳ ದಾಖಲೆಯನ್ನಾದರೂ ನಾವೇ ಬರೆಯಬೇಕಿದೆ.