ದೂರ ಅಷ್ಟೇ ಇದೆ, ಗಂಟೆಗಳ ಲೆಕ್ಕ ಬೇರೆ

ದುಬೈ ಎಷ್ಟು ದೂರ ಅಂತ ನಮ್ಮ ಮನೆಗಳಲ್ಲಿ ಕೇಳಿದರೆ ಯಾರೂ ಕಿಲೋಮೀಟರ್ ಹೇಳುವುದಿಲ್ಲ. ‘ಮೂರೂವರೆ ಗಂಟೆ’ ಅಂತಾರೆ. ಬಜ್ಪೆಯಿಂದ ದುಬೈಗೆ ಆಕಾಶದಲ್ಲಿ ಸುಮಾರು 2,450 ಕಿ.ಮೀ., ಜಿದ್ದಾಕ್ಕೆ ಸುಮಾರು 3,900 ಕಿ.ಮೀ. ನೇರ ವಿಮಾನ ಸಿಕ್ಕಿದರೆ ಜಿದ್ದಾ ಕೂಡಾ ಆರು ಗಂಟೆ ಆಸುಪಾಸಿನ ದಾರಿ.

ಟಿಕೆಟ್‌ನಲ್ಲಿರುವ ಸಮಯ ನೋಡಿ ಮೋಸ ಹೋಗುವವರೂ ಇದ್ದಾರೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಜಿದ್ದಾದ್ದು ಎರಡೂವರೆ ಗಂಟೆ ಹಿಂದೆ. ಬೆಳಗ್ಗೆ 10ಕ್ಕೆ ಮಂಗಳೂರು ಬಿಟ್ಟ ವಿಮಾನ ದುಬೈ ಸಮಯ 12ಕ್ಕೆ ಇಳಿಯುತ್ತದೆ. ಬರುವಾಗ 12ಕ್ಕೆ ಹೊರಟರೆ ಇಲ್ಲಿ ಸಂಜೆ ಹತ್ತಿರ 5. ಹೋಗಲು ಎರಡು ಗಂಟೆ, ಬರಲು ಐದು ಗಂಟೆ ಎಂದು ಕಂಡರೂ ದಾರಿ ಒಂದೇ.

ನೇರ ವಿಮಾನ ಸಿಗದ ದಿನ ಈ ಲೆಕ್ಕವೆಲ್ಲ ತಲೆಕೆಳಗು. ಮುಂಬೈಯಲ್ಲೋ ಬೆಂಗಳೂರಲ್ಲೋ ಇಳಿದು, ಕಾದು, ಮತ್ತೆ ಹತ್ತಬೇಕು. ಆರು ಗಂಟೆಯ ದಾರಿ ಹನ್ನೆರಡಾಗುತ್ತದೆ, ಕೆಲವೊಮ್ಮೆ ಒಂದು ದಿನವೇ ಆಗುತ್ತದೆ. ಉಮ್ಮ ತೀರಿಕೊಂಡ ಸುದ್ದಿ ಬಂದಾಗ ಇದರ ಬಿಸಿ ತಟ್ಟುತ್ತದೆ. ದಫನ ಕಾರ್ಯ ತಡ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಮಗ ಮಯ್ಯಿತ್‌ನ ಮುಖ ನೋಡುವುದು, ಬಿಡುವುದು ಆ ದಿನದ ವಿಮಾನದ ಮೇಲೆ ನಿಂತಿದೆ.

2006ರಲ್ಲಿ ಇಲ್ಲಿಂದ ದುಬೈ ವಿಮಾನ ಶುರುವಾಗುವ ಮೊದಲು ನಮ್ಮವರು ಬಸ್ಸಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ಹತ್ತುತ್ತಿದ್ದರು. ಆ ಕಷ್ಟ ಕಡಿಮೆಯಾಗಿದೆ, ಮುಗಿದಿಲ್ಲ. ಹೆಸರಿಗೆ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಆದರೆ ಸಾಲದು. ವಿದೇಶಿ ಕಂಪೆನಿಯ ವಿಮಾನ ಇಳಿಯಬೇಕಾದರೆ ಎರಡು ದೇಶಗಳ ಒಪ್ಪಂದದಲ್ಲಿ ಅವಕಾಶ ಇರಬೇಕು. ಮಂಗಳೂರಿನಿಂದ ಗಲ್ಫ್‌ಗೆ ಹಾರುವುದು ನಮ್ಮ ದೇಶದ ಕಂಪೆನಿಗಳೇ. ಅವು ಒಂದು ಸೇವೆ ನಿಲ್ಲಿಸಿದರೆ ಬದಲಿ ಇಲ್ಲ. ಕಣ್ಣೂರು ನಿಲ್ದಾಣಕ್ಕೆ ಹೋಗೋಣವೆಂದರೆ ರಸ್ತೆಯಲ್ಲಿ 150 ಕಿ.ಮೀ.ಗೂ ಹೆಚ್ಚು.

ಆಕಾಶದ ದಾರಿಯೂ ಯಾವಾಗಲೂ ತೆರೆದಿರುತ್ತದೆ ಎನ್ನುವಂತಿಲ್ಲ. 2025ರ ಎಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶ ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ದೇಶದ ವಿಮಾನಗಳು ಸುತ್ತು ಹಾಕಬೇಕಾಯಿತು. ಅರಬಿ ಸಮುದ್ರದ ಮೇಲಿನ ನಮ್ಮ ದಾರಿಗೆ ಆ ತೊಂದರೆ ಬರಲಿಲ್ಲ. ಆದರೆ ಅದೇ ಜೂನ್ 23ರ ರಾತ್ರಿ ಕತರ್‌ನ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದಾಗ ಗಲ್ಫ್ ಆಕಾಶವೇ ಕೆಲವು ಗಂಟೆ ಮುಚ್ಚಿತು. ಹೊರಟಿದ್ದ ಎಷ್ಟೋ ವಿಮಾನಗಳು ಅರ್ಧ ದಾರಿಯಿಂದ ಮರಳಿದವು.

ಯುದ್ಧ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ನೇರ ವಿಮಾನ ಕೇಳುವುದು ನಮ್ಮ ಕೈಯಲ್ಲಿದೆ. ಮತ ಕೇಳಲು ಮನೆಗೆ ಬರುವವರ ಹತ್ತಿರ ರಸ್ತೆ, ನೀರಿನ ಜೊತೆ ಇದನ್ನೂ ಕೇಳೋಣ. ಟಿಕೆಟ್ ಮಾಡುವಾಗ ದರ ಒಂದನ್ನೇ ನೋಡದೆ, ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಎಷ್ಟು ಗಂಟೆ ಎಂದೂ ನೋಡೋಣ. ಊರು ಎಷ್ಟು ದೂರ ಎನ್ನುವುದಕ್ಕೆ ನಿಜವಾದ ಲೆಕ್ಕ ಅದೇ.