ಪಹಣಿಯಲ್ಲಿ ಏನು ಬದಲಾಯಿತು?

ಗಿಟ್ ಎಂಬ ತಂತ್ರಾಂಶ 2005ರಿಂದ ಪ್ರೋಗ್ರಾಮರುಗಳ ಕೈಯಲ್ಲಿದೆ. ಯಾರು, ಯಾವಾಗ, ಯಾವ ಸಾಲು ತಿದ್ದಿದರೆಂದು ಅದು ಲೆಕ್ಕ ಇಡುತ್ತದೆ. ಸುತ್ತಲಿನ ಸಾಲುಗಳನ್ನು ಬಿಟ್ಟು ಎರಡು ಆವೃತ್ತಿಗಳನ್ನು ಹೋಲಿಸಿದಾಗ ಪ್ರತಿ ತಿದ್ದುಪಡಿಯ ತಲೆಯ ಮೇಲೆ ‘@@ -11 +11 @@’ ಎಂಬಂಥ ಗುರುತು ಬರುತ್ತದೆ; ಮೈನಸ್ ಮುಂದಿನದು ಹಳೆಯ ಸಾಲಿನ ಸಂಖ್ಯೆ, ಪ್ಲಸ್ ಮುಂದಿನದು ಹೊಸದು. ನಾಲ್ಕಾರು ಸಾಲಿನ ಸ್ಕ್ರಿಪ್ಟ್ ಇವನ್ನಷ್ಟೇ ಹೆಕ್ಕಿ ಪಟ್ಟಿ ಮಾಡಬಲ್ಲದು. ಮೇಲೆ ಒಂದು ಸಾಲು ಸೇರಿದರೆ ಕೆಳಗಿನ ಸಂಖ್ಯೆಗಳೆಲ್ಲ ಸರಿಯುತ್ತವೆ, ಆದ್ದರಿಂದ ಎರಡೂ ಬೇಕು. ಜಮೀನಿನ ದಾಖಲೆಯಾದ ಪಹಣಿಯಲ್ಲಿ ಆ ತಾಪತ್ರಯವೂ ಇಲ್ಲ, ಕಾಲಂಗಳ ಸಂಖ್ಯೆ ಸ್ಥಿರ. ಹೀಗಿದ್ದೂ ಚಿಕ್ಕನರಗುಂದದ ಎರೆಹೊಲದ ರೈತನ ಕೈಗೆ ಬರುವುದು ಇಂದಿನ ಸ್ಥಿತಿಯ ಪ್ರತಿ ಮಾತ್ರ. ಹೋದ ವರ್ಷದ ಪಹಣಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಅವನೇ ಕಣ್ಣಿಟ್ಟು ಹುಡುಕಬೇಕು.

ಮ್ಯುಟೇಶನ್ ವಹಿ ಇದೆಯಲ್ಲ, ಆಕ್ಷೇಪಣೆಗೆ ನೋಟಿಸೂ ಕೊಡುತ್ತಾರಲ್ಲ ಎನ್ನಬಹುದು. ನಿಯಮ ಹಾಗೆಯೇ ಇದೆ. ಆದರೆ 2024ರಲ್ಲಿ ವಿಜಯಪುರ ಜಿಲ್ಲೆಯ ಕೆಲವು ಪಹಣಿಗಳ 11ನೇ ಕಾಲಂನಲ್ಲಿ ವಕ್ಫ್ ನಮೂದು ಕಂಡು ರೈತರು ಬೀದಿಗಿಳಿದಾಗ, ನೋಟಿಸ್ ಇಲ್ಲದೆಯೇ ತಿದ್ದುಪಡಿಯಾಗಿದೆ ಎಂಬುದೇ ಮುಖ್ಯ ದೂರಾಗಿತ್ತು. ನಮೂದು ಸರಿಯೋ ತಪ್ಪೋ ಎಂಬುದು ಬೇರೆ ವಾದ. ತಿಳಿಯಲಿಲ್ಲ ಎಂಬುದು ಮಾತ್ರ ತಪ್ಪಿಸಬಹುದಾಗಿದ್ದ ತೊಂದರೆ. ಬದಲಾವಣೆಯನ್ನು ತಿಳಿಸಿದರೆ ಖಾಸಗಿ ವಿವರ ಬಯಲಾಗುತ್ತದೆಂಬ ಅಂಜಿಕೆಗೂ ಉತ್ತರ ಸುಲಭ: ಖಾತೆದಾರನ ಮೊಬೈಲಿಗೆ ಕಾಲಂ ಸಂಖ್ಯೆ, ದಿನಾಂಕ, ಮ್ಯುಟೇಶನ್ ಸಂಖ್ಯೆ ಇಷ್ಟೇ ಹೋದರೆ ಸಾಕು. ಸ್ಕ್ರಿಪ್ಟು ನಮೂದಿನ ನ್ಯಾಯ ಹೇಳಲಾರದು, ಅದು ತಹಶೀಲ್ದಾರರ ಕೆಲಸ. ಪಹಣಿ ಕಂಪ್ಯೂಟರಿಗೆ ಏರಿ ಎರಡು ದಶಕ ದಾಟಿದೆ; ಕಂದಾಯ ಇಲಾಖೆ ಪ್ರತಿ ಪಹಣಿಯ ಜೊತೆಗೆ ಬದಲಾದ ಕಾಲಂಗಳ ಪಟ್ಟಿಯನ್ನೂ ಕೊಡಲಿ.