ಎರಡು ಪುಟ್ಟ ದೇಶಗಳ ಒಪ್ಪಂದ ಮತ್ತು ನಮ್ಮ ಮೆಣಸಿನ ಮೂಟೆ

ಯಾವುದೋ ದೇಶದೊಡನೆ ವ್ಯಾಪಾರ ಒಪ್ಪಂದವಾಯಿತೆಂಬ ಸುದ್ದಿ ಬಂದೊಡನೆ ನಮ್ಮ ಬೆಳೆಗಾರ ಬಾಂಧವರು ಕೇಳುವ ಮೊದಲ ಪ್ರಶ್ನೆ, ಸುಂಕ ಎಷ್ಟು ಇಳಿಯಿತು ಎಂಬುದು. ಕೇಳುವುದು ಸಹಜವೇ. ಆದರೆ ಅಷ್ಟಕ್ಕೇ ನಿಂತುಬಿಡುವುದರಿಂದ ನಮಗೆ ನಷ್ಟವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಸ್ಪಷ್ಟಪಡಿಸಲು, ದೂರದ ಎರಡು ಪುಟ್ಟ, ಆದರೆ ಬಹಳ ಮುಂದುವರಿದ ದೇಶಗಳು ಮಾಡಿಕೊಂಡ ಒಪ್ಪಂದವೊಂದನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಆ ದೇಶಗಳು ನ್ಯೂಜಿಲೆಂಡ್ ಮತ್ತು ಸಿಂಗಪುರ. ಒಂದರಲ್ಲಿ ಸುಮಾರು 53 ಲಕ್ಷ ಜನ, ಇನ್ನೊಂದರಲ್ಲಿ ಸುಮಾರು 60 ಲಕ್ಷ. ಸಿಂಗಪುರದ ನೆಲವೆಲ್ಲ ಸೇರಿದರೂ ನಮ್ಮ ಕೊಡಗು ಜಿಲ್ಲೆಯ ಐದನೇ ಒಂದು ಪಾಲಿನಷ್ಟಾಗದು. ಅಲ್ಲಿ ಬೆಳೆಯುವುದು ಅತ್ಯಲ್ಪ, ಬಂದರಿನ ಮೇಲೆ ಬದುಕು. ನ್ಯೂಜಿಲೆಂಡಿನದು ಹುಲ್ಲುಗಾವಲು, ಹಸು, ಕುರಿ. ಕರೆದ ಹಾಲಿನಲ್ಲಿ ಶೇಕಡಾ 95ರಷ್ಟು ಪುಡಿ, ಬೆಣ್ಣೆ, ಗಿಣ್ಣಾಗಿ ಪರದೇಶಕ್ಕೆ ಹೋಗುತ್ತದೆ. ಅದರ ಬಹುಭಾಗವನ್ನು ಕಳಿಸುವ ಫಾಂಟೆರಾ ಎಂಬ ಸಂಸ್ಥೆ ಹಾಲು ಉತ್ಪಾದಕರದೇ ಸಹಕಾರ ಸಂಘ, 2001ರಲ್ಲಿ ದೊಡ್ಡ ಸಂಘಗಳು ಒಂದಾಗಿ ಹುಟ್ಟಿದ್ದು. ಸಹಕಾರಿಗಳಾದ ನಾವು ಗಮನಿಸತಕ್ಕ ಸಂಗತಿಯಿದು, ಆದರೆ ಅದನ್ನು ಇನ್ನೊಮ್ಮೆ ಬರೆಯೋಣ.

1973ರಲ್ಲಿ ಬ್ರಿಟನ್ ಯುರೋಪಿನ ಸಾಮಾನ್ಯ ಮಾರುಕಟ್ಟೆ ಸೇರಿದಾಗ ನ್ಯೂಜಿಲೆಂಡಿಗೆ ತನ್ನ ಹಳೆಯ ಗಿರಾಕಿ ಕೈತಪ್ಪುವ ಭಯ ಹುಟ್ಟಿತು. ಅಂದಿನಿಂದ ಹೊಸ ಮಾರುಕಟ್ಟೆಗಳನ್ನು ಹುಡುಕುವುದೇ ಅದರ ಕೆಲಸವಾಯಿತು. ಹಾಗೆ ಹುಡುಕುತ್ತ 2000ದ ನವೆಂಬರ್ 14ರಂದು ಸಿಂಗಪುರದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. 2001ರ ಜನವರಿ 1ರಿಂದ ಎರಡೂ ಕಡೆಯ ಸುಂಕ ಪೂರ್ತಿ ಹೋಯಿತು.

ಇಲ್ಲೊಂದು ವಿಚಿತ್ರ. ಬಿಯರಿನಂತಹ ಒಂದೆರಡು ಮದ್ಯಗಳನ್ನು ಬಿಟ್ಟರೆ ಸಿಂಗಪುರದಲ್ಲಿ ಆಮದು ಸುಂಕವೇ ಇರಲಿಲ್ಲ. ಇಲ್ಲದ ಸುಂಕವನ್ನು ತೆಗೆಸಿಕೊಂಡು ನ್ಯೂಜಿಲೆಂಡಿಗೆ ಆದ ಲಾಭವೇನು? ಮೊದಲನೆಯದು, ಇಂದು ಇಲ್ಲದ್ದು ನಾಳೆ ಬಾರದಂತೆ ಲಿಖಿತ ವಾಗ್ದಾನ. ಎರಡನೆಯದು ಸೇವೆಗಳು: ವಿದ್ಯಾಭ್ಯಾಸ, ಇಂಜಿನಿಯರರ ಕೆಲಸ, ಸರ್ಕಾರಿ ಟೆಂಡರುಗಳಲ್ಲಿ ಅಲ್ಲಿಯವರೊಡನೆ ಸಮಪಂಕ್ತಿ. (ಸೇವೆಯೆಂದರೆ ದೂರದ ಮಾತೇನಲ್ಲ. ಕ್ಯೂರಿಂಗ್ ವರ್ಕ್ಸಿಗೆ ನಾವು ತೆರುವ ಸಂಸ್ಕರಣೆಯ ಕೂಲಿ, ಲಾರಿ ಬಾಡಿಗೆ, ವಿಮೆಯ ಕಂತು ಎಲ್ಲವೂ ಸೇವೆಯ ಬೆಲೆಯೇ.) ಈ ಒಪ್ಪಂದವೇ ಬೀಜವಾಗಿ ಮುಂದೆ ಚಿಲಿ, ಬ್ರೂನೈ ಸೇರಿಕೊಂಡವು. ಅದು ಬೆಳೆದು 2018ರ ಡಿಸೆಂಬರಿನಲ್ಲಿ ಪೆಸಿಫಿಕ್ ಸಾಗರದ ಸುತ್ತಲ ದೇಶಗಳ ದೊಡ್ಡ ಒಪ್ಪಂದವಾಗಿ ಜಾರಿಗೆ ಬಂತು.

ಆದರೆ ನ್ಯೂಜಿಲೆಂಡಿನಲ್ಲಿ ಜಗಳವಾದದ್ದು ಈ ಯಾವುದಕ್ಕೂ ಅಲ್ಲ. ಸಿಂಗಪುರ ಸುಂಕವಿಲ್ಲದ ಬಂದರು. ಯಾವ ದೇಶದ ಮಾಲು ಬೇಕಾದರೂ ಅಲ್ಲಿ ಇಳಿಯುತ್ತದೆ, ಮತ್ತೆ ಹಡಗೇರುತ್ತದೆ. ಅಗ್ಗದ ಕೂಲಿಯ ದೇಶದ ಅಂಗಿಗೆ ಅಲ್ಲೊಂದು ಗುಂಡಿ ಹೊಲಿದು, ಸಿಂಗಪುರದ ಚೀಟಿ ಅಂಟಿಸಿ ಸುಂಕವಿಲ್ಲದೆ ನಮ್ಮಲ್ಲಿಗೆ ನುಗ್ಗಿಸಿದರೆ ಗತಿಯೇನು ಎಂದು ಬಟ್ಟೆ ಮತ್ತು ಪಾದರಕ್ಷೆ ಉದ್ಯಮದವರು ಕೇಳಿದರು. ಉತ್ತರವಾಗಿ ಒಪ್ಪಂದದಲ್ಲಿ ಮೂಲ ದೇಶದ ನಿಯಮವೆಂಬ ಕಲಮು ಸೇರಿತು. ಕಾರ್ಖಾನೆಯ ವೆಚ್ಚ 100 ಆದರೆ ಕನಿಷ್ಠ 40 ಈ ಎರಡು ದೇಶಗಳೊಳಗೇ ಆಗಿರಬೇಕು, ಕೊನೆಯ ತಯಾರಿಕೆಯೂ ರಫ್ತು ಮಾಡುವ ದೇಶದಲ್ಲೇ ನಡೆದಿರಬೇಕು. ಆಸ್ಟ್ರೇಲಿಯಾದೊಡನೆ 1983ರಲ್ಲಿ ಇಟ್ಟುಕೊಂಡದ್ದು 50. ಇಲ್ಲೇಕೆ 40 ಎಂಬ ಆಕ್ಷೇಪಣೆ ಎದ್ದಿತು. ಸರ್ಕಾರದ ಪಾಲುದಾರ ಪಕ್ಷವೇ ಒಪ್ಪಂದವನ್ನು ವಿರೋಧಿಸಿ, ಪ್ರತಿಪಕ್ಷದ ಬೆಂಬಲದಿಂದ ಮಸೂದೆ ಪಾಸಾಯಿತು. ನಮಗೆ ಮೆಚ್ಚುಗೆಯಾದದ್ದು ಇದೇ: ಐವತ್ತೋ ನಲವತ್ತೋ ಎಂಬುದಕ್ಕೆ ಒಂದು ದೇಶದ ಪಾರ್ಲಿಮೆಂಟು ತಲೆ ಕೆಡಿಸಿಕೊಂಡಿತು.

2020ರ ಏಪ್ರಿಲಿನಲ್ಲಿ, ಕೊರೋನಾದ ಕಾಲದಲ್ಲಿ, ದೇಶಗಳು ಒಂದೊಂದಾಗಿ ರಫ್ತು ನಿಲ್ಲಿಸುತ್ತಿದ್ದಾಗ ಇವೆರಡೂ ಔಷಧಿ ಮತ್ತು ಆಹಾರ ಪದಾರ್ಥಗಳ ಸಾಗಣೆಯನ್ನು ತಡೆಯುವುದಿಲ್ಲವೆಂದು ಪರಸ್ಪರ ಘೋಷಿಸಿಕೊಂಡವು. ಇಪ್ಪತ್ತು ವರ್ಷದ ಲೆಕ್ಕಪತ್ರ ಚೊಕ್ಕವಾಗಿದ್ದ ಗಿರಾಕಿಗೆ ಅಂಗಡಿಯವನು ಕಷ್ಟಕಾಲದಲ್ಲಿ ಬಾಗಿಲು ಹಾಕುವುದಿಲ್ಲ.

ಇನ್ನು ನಮ್ಮ ಕಥೆ. ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರಿನಲ್ಲಿ ಇಂತಹುದೇ ಒಪ್ಪಂದಕ್ಕೆ ಸಹಿ ಹಾಕಿದವು, 2000ದಲ್ಲಿ ಅದು ಜಾರಿಗೆ ಬಂತು. ಮೂಲ ದೇಶದ ನಿಯಮ ಅದರಲ್ಲಿಯೂ ಉಂಟು. ಅಂಗಿಗಾದರೆ ಶೇಕಡಾವಾರು ಲೆಕ್ಕ ಹಾಕಬೇಕು, ಕಾಳುಮೆಣಸಿಗೆ ಆ ತೊಡಕೂ ಇಲ್ಲ. ಬಳ್ಳಿ ಯಾವ ಮಣ್ಣಿನಲ್ಲಿದೆಯೋ ಮೆಣಸು ಆ ದೇಶದ್ದು. ಹೀಗಿದ್ದೂ ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಪ್ರಮಾಣಪತ್ರ ಹೊತ್ತು ಬರುತ್ತಿದೆ ಎಂದು ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರು ವರ್ಷಗಟ್ಟಲೆ ದೂರಿದರು. ಸಿಲ್ವರ್ ಮರಕ್ಕೂ ಅಡಿಕೆ ಮರಕ್ಕೂ ಬಳ್ಳಿ ಹಬ್ಬಿಸಿಕೊಂಡ ಸಣ್ಣ ಹಿಡುವಳಿದಾರನಿಗೆ ಕಾಫಿ ಕೈಕೊಟ್ಟ ವರ್ಷ ಸೊಸೈಟಿಯ ಸಾಲ ತೀರಿಸುವುದು ಈ ಮೆಣಸೇ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಅಡಿಕೆಗೂ 2023ರಲ್ಲಿ ಅದನ್ನು 351 ರೂಪಾಯಿಗೆ ಏರಿಸಿತು. ಬೇಲಿ ಬೇಕಿತ್ತು, ಹಾಕಿದರು, ಕೃತಜ್ಞರಾಗಿದ್ದೇವೆ. ಆದರೆ ಇದು ಮಾಲಿನ ಬೆಲೆಯನ್ನು ಕೇಳುತ್ತದೆಯೇ ಹೊರತು ಊರನ್ನು ಕೇಳುವುದಿಲ್ಲ. ಬಿಲ್ಲಿನಲ್ಲಿ ಬೆಲೆ ಏರಿಸಿ ಬರೆಯುವವನ ಕೈಯನ್ನು ಅದು ಹಿಡಿಯಲಾರದು.

ಊರನ್ನು ಕೇಳುವ ಕಾನೂನು ನಮ್ಮಲ್ಲಿ ಗಟ್ಟಿಯಾಗಿ ಬಂದದ್ದು 2020ರ ಸೆಪ್ಟೆಂಬರಿನಲ್ಲಿ. ಪ್ರಮಾಣಪತ್ರವೊಂದನ್ನು ತೋರಿಸಿದರೆ ಸಾಲದು, ಮಾಲು ಆ ದೇಶದಲ್ಲೇ ಹುಟ್ಟಿದ್ದಕ್ಕೆ ಆಧಾರಗಳನ್ನು ಆಮದುದಾರನೇ ಇಟ್ಟುಕೊಂಡಿರಬೇಕು, ಕಸ್ಟಮ್ಸ್ ಅಧಿಕಾರಿ ಕೇಳಿದಾಗ ಒದಗಿಸಬೇಕು ಎಂದು ಆ ನಿಯಮಗಳು ಹೇಳುತ್ತವೆ. ಶ್ರೀಲಂಕಾದೊಡನೆ ಸಹಿ ಬಿದ್ದು ಆಗಲೇ ಇಪ್ಪತ್ತೊಂದು ವರ್ಷ ಮೀರಿತ್ತು. ನ್ಯೂಜಿಲೆಂಡಿನವರು ಸಹಿಯ ಹೊತ್ತಿಗೇ ಎತ್ತಿದ ಪ್ರಶ್ನೆಗೆ ನಾವು ಇಷ್ಟು ಕಾಲ ತೆಗೆದುಕೊಂಡೆವು. ಇದರಲ್ಲಿ ಸರ್ಕಾರದ ಪಾಲೆಷ್ಟೋ, ಬೆಲೆ ಏರಿದ ವರ್ಷ ಸುಮ್ಮನಿದ್ದು ಇಳಿದ ವರ್ಷ ಮಾತ್ರ ನಿಯೋಗ ಒಯ್ಯುವ ಬೆಳೆಗಾರ ಸಂಘಗಳ ಪಾಲೂ ಅಷ್ಟೇ.

ಈಗ ಕೇಳಬೇಕಾದದ್ದು ಹೊಸ ಕಾನೂನನ್ನಲ್ಲ, ಇರುವ ನಿಯಮದ ಬಳಕೆಯನ್ನು. ಪ್ರತಿ ವರ್ಷ ಶ್ರೀಲಂಕಾದಲ್ಲಿ ಬೆಳೆದ ಮೆಣಸೆಷ್ಟು, ಅಲ್ಲಿಂದ ಬೇರೆ ದೇಶಗಳಿಗೆ ಹೋದದ್ದೆಷ್ಟು, ನಮ್ಮ ಬಂದರುಗಳಲ್ಲಿ ಇಳಿದದ್ದೆಷ್ಟು ಎಂಬ ಮೂರು ಅಂಕಿಗಳನ್ನು ಕಸ್ಟಮ್ಸ್ ಇಲಾಖೆ ಒಂದೇ ಹಾಳೆಯಲ್ಲಿ ಪ್ರಕಟಿಸಲಿ. ಕೊಯ್ಲಿಗೆ ಮೊದಲೇ ಈ ಬೇಡಿಕೆಯನ್ನು ಪ್ರತಿಯೊಂದು ಸಂಘವೂ ಮಹಾಸಭೆಯಲ್ಲಿ ಠರಾವು ಮಾಡಿ, ಆಯಾ ಕ್ಷೇತ್ರದ ಲೋಕಸಭಾ ಸದಸ್ಯರ ಮೂಲಕ ವಾಣಿಜ್ಯ ಸಚಿವಾಲಯಕ್ಕೆ ಕಳಿಸಬೇಕೆಂದು ಕೋರುತ್ತೇವೆ.